ಕಾಲೇಜಿನ ಆಯ್ಕೆಯೂ ಪ್ರಸಾದ ನಿಲಯದ ಒಲೆಯೂ

ದ್ವಿತೀಯ ಪಿಯುಸಿ ಫಲಿತಾಂಶ ಹೊರಬಿದ್ದು ಸಿಇಟಿ ಕ್ರಮಾಂಕ ಕೈಸೇರುವ ದಿನಗಳಲ್ಲಿ ನಮ್ಮ ಕಲ್ಪತರು ನಾಡಿನ ಮನೆಮನೆಗಳಲ್ಲಿಯೂ ನಡೆಯುವ ಆಲೋಚನೆ ಒಂದೇ. ಮಕ್ಕಳನ್ನು ಯಾವ ಕಾಲೇಜಿಗೆ ಸೇರಿಸಬೇಕು? ತಿಪಟೂರೇ, ತುಮಕೂರೇ, ಅಥವಾ ನೇರವಾಗಿ ಬೆಂಗಳೂರೇ? ಶುಲ್ಕವೆಷ್ಟು, ಬಸ್ಸು ಎಷ್ಟು ಹೊತ್ತಿಗೆ, ಓದು ಮುಗಿದ ಮೇಲೆ ಕೆಲಸ ಸಿಕ್ಕೀತೇ ಎಂಬ ಪ್ರಶ್ನೆಗಳೆಲ್ಲ ತಪ್ಪದೆ ಬರುತ್ತವೆ. ಮಗು ಅಲ್ಲಿ ಏನನ್ನು ಉಣ್ಣುತ್ತದೆ, ಯಾರು ಅಡುಗೆ ಮಾಡುತ್ತಾರೆ, ಎಷ್ಟು ಹೊತ್ತಿಗೆ ಬಡಿಸುತ್ತಾರೆ ಎಂಬ ಪ್ರಶ್ನೆ ಮಾತ್ರ ಕೆಲವು ಮನೆಗಳಲ್ಲಿ ಬರುವುದೇ ಇಲ್ಲ. ಇನ್ನು ಕೆಲವು ಮನೆಗಳಲ್ಲಿ ಉಳಿದೆಲ್ಲ ಪ್ರಶ್ನೆಗಳನ್ನೂ ಅದೊಂದೇ ನುಂಗಿಹಾಕುತ್ತದೆ. ಈ ಎರಡು ಅತಿರೇಕಗಳೂ ಮಕ್ಕಳಿಗೆ ಹಿತವಲ್ಲವೆಂಬುದನ್ನು ಸದ್ಭಕ್ತರ ಮುಂದಿಡುವುದೇ ಈ ಬರಹದ ಉದ್ದೇಶ.

ಕಳೆದ ವರ್ಷ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಶೆಟ್ಟಿಕೆರೆಯಲ್ಲಿ ಒಂದು ಮನೆಯ ಶಿವಗಣಾರಾಧನೆಗೆ ನಾವು ಹೋಗಿದ್ದೆವು. ಪ್ರಸಾದ ಮುಗಿದು ತೆಂಗಿನ ಮರಗಳ ನೆರಳಿನಲ್ಲಿ ಕುಳಿತಿದ್ದಾಗ ನೆರೆಮನೆಯ ಗೃಹಸ್ಥರೊಬ್ಬರು ತಮ್ಮ ತಾಯಿಯವರನ್ನೂ ಮಗಳನ್ನೂ ಕರೆದುಕೊಂಡು ಬಂದರು. ಹುಡುಗಿ ವಿಜ್ಞಾನ ವಿಭಾಗದಲ್ಲಿ ಒಳ್ಳೆಯ ಅಂಕಗಳಿಂದ ತೇರ್ಗಡೆಯಾಗಿದ್ದಳು. ಎರಡು ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಸೀಟು ದೊರೆಯುವ ಸಂಭವವಿತ್ತು. ಒಂದು, ಹಳೆಯ ಕಾಲೇಜು. ಅಧ್ಯಾಪಕರಿಗೆ ಹೆಸರಿದೆ, ಪ್ರಯೋಗಾಲಯಗಳು ಚೆನ್ನಾಗಿವೆ, ಶುಲ್ಕ ಕಡಿಮೆ. ಆದರೆ ಅಲ್ಲಿಯ ಹಾಸ್ಟೆಲಿನಲ್ಲಿ ವಾರಕ್ಕೆರಡು ದಿನ ಮೊಟ್ಟೆ, ಮಾಂಸದ ಅಡುಗೆಯೂ ಆಗುತ್ತದೆ. ಇನ್ನೊಂದು, ಬೆಂಗಳೂರಿನ ಹೊರವಲಯದ ಹೊಸ ಕಾಲೇಜು. ಅದರ ಬಣ್ಣದ ಪುಸ್ತಿಕೆಯ ಎರಡು ಪುಟಗಳ ತುಂಬ ಊಟದ ಹಾಲಿನ ಚಿತ್ರಗಳೇ; ಶುದ್ಧ ಸಸ್ಯಾಹಾರವೆಂಬ ಭರವಸೆ; ದಕ್ಷಿಣ, ಉತ್ತರ, ಚೀನೀ ಎಂದು ಬಗೆಬಗೆಯ ತಿನಿಸುಗಳ ಪಟ್ಟಿ. ಪಾಠ ಮಾಡುವವರ ವಿಚಾರ ಮಾತ್ರ ಆ ಪುಸ್ತಿಕೆಯಲ್ಲಿ ಅರ್ಧ ಪುಟವನ್ನೂ ಮೀರಿರಲಿಲ್ಲ.

ಅಜ್ಜಿಯವರದು ಖಚಿತವಾದ ಮಾತು. “ಅಯ್ನೋರೆ, ಕೊರಳಲ್ಲಿ ಲಿಂಗ ಕಟ್ಕೊಂಡಿರೋ ಕೂಸು. ಮೊಟ್ಟೆ ಬೇಯ್ಸಿದ್ ಒಲೆ ಮ್ಯಾಲಿನ್ ಅನ್ನ ಉಣ್ಣೋಕೆ ಕಳ್ಸಾನಾ?” ತಂದೆಯವರದು ಸಂದಿಗ್ಧ. “ಅವ್ವ ಹೇಳೋದೂ ಸರಿ ಅನ್ನಿಸ್ತೈತೆ. ಆದ್ರೆ ಹೊಸ ಕಾಲೇಜಿಗೆ ವರ್ಷಾ ವರ್ಷಾ ಕಟ್ಟೋ ದುಡ್ಡು ಅಟ್ಟದ ಮ್ಯಾಲಿರೋ ಕೊಬ್ರಿ ಅಷ್ಟೂ ಮಾರಿದ್ರೂ ಸಾಲಲ್ಲ.” ಹುಡುಗಿ ತಲೆಬಗ್ಗಿಸಿಯೇ ನಿಂತಿದ್ದಳು. ನಾವು ಕೇಳಿದ ಮೇಲೆ ಒಂದೇ ಮಾತು ಹೇಳಿದಳು: “ನಾನು ಹೋಗ್ತಿರೋದು ಓದೋದಕ್ಕೆ, ಅಯ್ನೋರೆ.”

ಆ ಕ್ಷಣದಲ್ಲಿ ನಾವು ಉತ್ತರ ಕೊಡಲಿಲ್ಲ. ಒಂದು ವಾರದ ಸಮಯ ಕೇಳಿದೆವು. ಏಕೆಂದರೆ ಈ ಪ್ರಶ್ನೆ ನಮ್ಮ ಬಾಳಿನಲ್ಲಿಯೇ ಒಂದು ವರ್ಷವನ್ನು ನುಂಗಿದ ಪ್ರಶ್ನೆಯಾಗಿತ್ತು.

ಯಾರೂ ಕೇಳದ ಪ್ರಶ್ನೆ

ಮಠದ ಸಂಸ್ಕೃತ ಪಾಠಶಾಲೆಯಲ್ಲಿ ಓದಿ, ಪದವಿ ವ್ಯಾಸಂಗಕ್ಕೆಂದು 1979ರಲ್ಲಿ ನಾವು ದೂರದ ಒಂದು ಪಟ್ಟಣದ ಕಾಲೇಜಿಗೆ ಸೇರಿದೆವು. ನಮ್ಮ ತೀರ್ಥರೂಪರು ಕೇಳಿದ್ದು ಎರಡೇ ಮಾತು: ಶುಲ್ಕವೆಷ್ಟು, ಊರಿಗೆ ಬಸ್ಸಿದೆಯೇ. ಊಟದ ಬಗ್ಗೆ ಅವರೂ ಕೇಳಲಿಲ್ಲ, ನಾವೂ ಕೇಳಲಿಲ್ಲ. ಮಠದಲ್ಲಿ ಬೆಳೆದವರಿಗೆ ಗಂಟೆ ಹೊಡೆದರೆ ಎಲೆಯ ಮುಂದೆ ಕೂರುವುದಷ್ಟೇ ಗೊತ್ತು. ಗಂಟೆ ಹೊಡೆಯದಿರುವ ಊರೂ ಇರುತ್ತದೆಂಬುದು ತಿಳಿದಿರಲಿಲ್ಲ.

ಅಲ್ಲಿಯ ಮೆಸ್ಸನ್ನು ಗುತ್ತಿಗೆದಾರನೊಬ್ಬನಿಗೆ ಒಪ್ಪಿಸಲಾಗಿತ್ತು. ಭಾನುವಾರ ರಾತ್ರಿ ಒಲೆ ಹೊತ್ತುತ್ತಿರಲಿಲ್ಲ. ತಿಂಗಳ ಕೊನೆಯಲ್ಲಿ ಸಾರು ನೀರಾಗುತ್ತಿತ್ತು. ಕುಡಿಯುವ ನೀರು ಮುಚ್ಚಳವಿಲ್ಲದ ತೊಟ್ಟಿಯಿಂದ ಬರುತ್ತಿತ್ತು. ಎರಡನೆಯ ವರ್ಷದ ಪರೀಕ್ಷೆಗೆ ಇನ್ನು ಮೂರು ವಾರವಿದೆಯೆನ್ನುವಾಗ ನಮಗೂ, ಜೊತೆಯ ನಾಲ್ಕಾರು ಹುಡುಗರಿಗೂ ಕಾಮಾಲೆ ತಗುಲಿತು. ಪರೀಕ್ಷೆ ತಪ್ಪಿತು, ಒಂದು ವರ್ಷ ಹೋಯಿತು. ನಮ್ಮನ್ನು ಮಠವೇ ಮತ್ತೆ ಕರೆದುಕೊಂಡಿತು. ಮೂರು ತಿಂಗಳು ಗಂಜಿ, ಮಜ್ಜಿಗೆಯಲ್ಲಿ ಕಳೆದು, ನಂತರ ಮಠದಲ್ಲಿಯೇ ಇದ್ದುಕೊಂಡು ಬೇರೊಂದು ಕಾಲೇಜಿನಲ್ಲಿ ಪದವಿ ಮುಗಿಸಿದೆವು. ನಮ್ಮೊಡನೆ ಮಲಗಿದವರಲ್ಲಿ ಇಬ್ಬರು ಮತ್ತೆ ಕಾಲೇಜಿನ ಮೆಟ್ಟಿಲು ಹತ್ತಲಿಲ್ಲ. ಅವರು ಬುದ್ಧಿಯಲ್ಲಿ ನಮಗಿಂತ ಮೇಲಿದ್ದವರು. ಅವರಿಗೆ ಹಿಂದಿರುಗಿ ಹೋಗಲು ಒಂದು ಮಠವಿರಲಿಲ್ಲ, ಅಷ್ಟೇ ವ್ಯತ್ಯಾಸ.

ಒಲೆ ಮೊದಲು, ಕಾಲೇಜು ನಂತರ

ನಮ್ಮ ಸಮಾಜದ ವಿದ್ಯಾಭ್ಯಾಸದ ಇತಿಹಾಸವನ್ನು ಗಮನಿಸಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ನಮ್ಮ ಹಿರಿಯರು ಮೊದಲು ಕಟ್ಟಿದ್ದು ಕಾಲೇಜನ್ನಲ್ಲ, ಅಡುಗೆಮನೆಯನ್ನು.

ತುಮಕೂರಿಗೂ ತಿಪಟೂರಿಗೂ ನಡುವಣ ಗುಬ್ಬಿಯ ಹೆಸರನ್ನು ನಾಡಿಗೆಲ್ಲ ಪಸರಿಸಿದ ರಾವ್ ಬಹದ್ದೂರ್ ಗುಬ್ಬಿ ತೋಟದಪ್ಪನವರು ವರ್ತಕರು. ಬೆಂಗಳೂರಿನ ರೈಲ್ವೆ ನಿಲ್ದಾಣದ ಸಮೀಪ 1897ರಲ್ಲಿ ಅವರು ಜಾಗವನ್ನು ಕೊಂಡು ಕಟ್ಟಿಸಿದ ಧರ್ಮಛತ್ರ 1903ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರಿಂದ ಉದ್ಘಾಟಿತವಾಯಿತು. ಅದರೊಡನೆ ಬೆಳೆದ ಉಚಿತ ವಿದ್ಯಾರ್ಥಿ ನಿಲಯದಿಂದ ಎಷ್ಟೋ ಹಳ್ಳಿಯ ಮಕ್ಕಳು ರಾಜಧಾನಿಯ ಕಾಲೇಜುಗಳನ್ನು ಕಂಡರು. ತೋಟದಪ್ಪನವರು 1910ರಲ್ಲಿ ಲಿಂಗೈಕ್ಯರಾದರು; ಅವರ ದತ್ತಿ ಇಂದಿಗೂ ವಿದ್ಯಾರ್ಥಿಗಳಿಗೆ ನೆರಳಾಗಿದೆ. ಅವರು ಕಾಲೇಜು ತೆರೆಯಲಿಲ್ಲ. ಸೆಂಟ್ರಲ್ ಕಾಲೇಜು ಅದಾಗಲೇ ಇತ್ತು. ಹಳ್ಳಿಯ ಹುಡುಗನಿಗೂ ಆ ಕಾಲೇಜಿಗೂ ನಡುವೆ ಅಡ್ಡವಾಗಿದ್ದುದು ಪಟ್ಟಣದ ಎರಡು ಹೊತ್ತಿನ ಊಟ ಮತ್ತು ಮಲಗಲು ಒಂದು ಜಗುಲಿ ಎಂಬುದನ್ನು ಆ ವ್ಯಾಪಾರಿಯ ಕಣ್ಣು ಕಂಡುಕೊಂಡಿತು.

ಉತ್ತರದಲ್ಲಿಯೂ ಇದೇ ಕ್ರಮ. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಪ್ರಾರಂಭವಾದ ಕಾಲಕ್ಕೆ ಅಲ್ಲಿ ಓದಬಯಸಿದ ಬಡ ರೈತರ ಮಕ್ಕಳಿಗೆ ಆಸರೆಯಾದದ್ದು ಮುರುಘಾಮಠದ ಪ್ರಸಾದ ನಿಲಯ. ಶ್ರೀ ಮೃತ್ಯುಂಜಯ ಅಪ್ಪಗಳು ಜೋಳಿಗೆ ಹಿಡಿದು ಊರೂರು ತಿರುಗಿ ತಂದ ಜೋಳದಿಂದ ಅಲ್ಲಿ ರೊಟ್ಟಿ ಬೇಯುತ್ತಿತ್ತು. ಮೈಸೂರಿನಲ್ಲಿ ಸುತ್ತೂರು ಮಠದ ಶ್ರೀ ಶಿವರಾತ್ರಿ ರಾಜೇಂದ್ರ ಮಹಾಸ್ವಾಮಿಗಳು 1954ರಲ್ಲಿ ಜೆಎಸ್ಎಸ್ ಮಹಾವಿದ್ಯಾಪೀಠವನ್ನು ಸ್ಥಾಪಿಸುವುದಕ್ಕೆ ಮೊದಲೇ ವಿದ್ಯಾರ್ಥಿಗಳಿಗೆ ಉಚಿತ ಊಟ, ವಸತಿಯ ಏರ್ಪಾಡು ಮಾಡಿದ್ದರು.

ಇನ್ನು ಶ್ರೀ ಸಿದ್ಧಗಂಗೆಯ ವಿಚಾರ ನಮ್ಮ ಜಿಲ್ಲೆಯ ಓದುಗರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. 1917ರಲ್ಲಿ ಶ್ರೀ ಉದ್ಧಾನ ಶಿವಯೋಗಿಗಳು ಸಂಸ್ಕೃತ ಪಾಠಶಾಲೆಯನ್ನು ತೆರೆದರು. 1930ರಲ್ಲಿ ಉತ್ತರಾಧಿಕಾರಿಗಳಾಗಿ, 1941ರಲ್ಲಿ ಮಠಾಧ್ಯಕ್ಷರಾದ ಶ್ರೀ ಶಿವಕುಮಾರ ಮಹಾಸ್ವಾಮಿಗಳವರ ಕಾಲದಲ್ಲಿ ಆ ಒಲೆಯ ಮುಂದೆ ಕೂರುವ ಮಕ್ಕಳ ಸಂಖ್ಯೆ ಹತ್ತು ಸಾವಿರದ ಆಸುಪಾಸಿಗೆ ಬೆಳೆಯಿತು. ಶ್ರೀಮಠದ ಎಂಜಿನಿಯರಿಂಗ್ ಕಾಲೇಜು ಪ್ರಾರಂಭವಾದದ್ದು 1963ರಲ್ಲಿ. ಒಲೆ ಹೊತ್ತಿ ಆಗಲೇ ದಶಕಗಳು ಕಳೆದಿದ್ದವು. ಶೆಟ್ಟಿಕೆರೆ, ಹಂದನಕೆರೆ, ತುರುವೇಕೆರೆ ಕಡೆಯ ರೈತರು ಇಂದಿಗೂ ಹೊಸ ರಾಗಿಯ ಮೂಟೆ, ತೆಂಗಿನಕಾಯಿ, ತರಕಾರಿಗಳನ್ನು ಗಾಡಿಯಲ್ಲಿ ಹೇರಿ ಕಳುಹಿಸುವ ರೂಢಿ ಆ ಅಡುಗೆಮನೆಯ ನಿಜವಾದ ಬಂಡವಾಳ. 2019ರ ಜನವರಿ 21ರಂದು ಪೂಜ್ಯರು ಲಿಂಗೈಕ್ಯರಾದಾಗ, ಮಕ್ಕಳ ಮಧ್ಯಾಹ್ನದ ಪ್ರಸಾದ ಮುಗಿದ ಮೇಲೆಯೇ ಸುದ್ದಿಯನ್ನು ಪ್ರಕಟಿಸಲಾಯಿತು, ಅದು ಪೂಜ್ಯರದೇ ಇಚ್ಛೆಯಾಗಿತ್ತು ಎಂದು ಅಂದು ಪತ್ರಿಕೆಗಳೆಲ್ಲ ವರದಿ ಮಾಡಿದವು. ಗುರುವಿನ ಅಗಲಿಕೆಯ ದುಃಖಕ್ಕಿಂತಲೂ ಮಗುವಿನ ತಟ್ಟೆ ಮೊದಲು ಎಂಬ ಈ ವಿವೇಕಕ್ಕೆ ವ್ಯಾಖ್ಯಾನ ಬೇಕಾಗಿಲ್ಲ. 2022ರಿಂದ ಕರ್ನಾಟಕ ಸರ್ಕಾರ ಆ ದಿನವನ್ನು ದಾಸೋಹ ದಿನವನ್ನಾಗಿ ಆಚರಿಸುತ್ತಿರುವುದು ಉಚಿತವೇ ಆಗಿದೆ.

ಹೀಗೆ ನಮ್ಮ ತಾತಂದಿರ ಕಾಲದಲ್ಲಿ ಕಾಲೇಜನ್ನು ಆರಿಸುತ್ತಿರಲಿಲ್ಲ. ಅನ್ನ ದೊರೆಯುವ ಊರನ್ನು ಹುಡುಕುತ್ತಿದ್ದರು, ಆ ಊರಿನಲ್ಲಿದ್ದ ಕಾಲೇಜೇ ಅವರ ಕಾಲೇಜಾಗುತ್ತಿತ್ತು. ಅದು ಬಡತನ ಹೇರಿದ ಆಯ್ಕೆ. ಇಂದು ಬಹುಪಾಲು ಕುಟುಂಬಗಳಿಗೆ ಆ ನಿರ್ಬಂಧವಿಲ್ಲ. ಬಣ್ಣದ ಪುಸ್ತಿಕೆಗಳಾದರೋ ಊಟದ ಚಿತ್ರ ತೋರಿಸಿ ಮತ್ತೆ ನಮ್ಮನ್ನು ಅನ್ನದ ಹಿಂದೆಯೇ ಕರೆದೊಯ್ಯಲು ನೋಡುತ್ತವೆ. ಅಂದು ಅನ್ನದ ಹಿಂದೆ ಹೋದವರು ಹಸಿದವರು. ಇಂದು ಹೋಗುವವರು ಹಸಿದವರಲ್ಲ. ಈ ಅಂತರವನ್ನು ಮರೆಯಬಾರದು.

ಸಣ್ಣ ವಿಷಯವೆಂದು ತಳ್ಳುವಂತಿಲ್ಲ

ಹಾಗೆಂದು ಹಾಸ್ಟೆಲಿನ ಊಟವನ್ನು ಲಘುವಾಗಿ ಕಾಣುವವರು ಒಂದು ಘಟನೆಯನ್ನು ನೆನೆಯಬೇಕು. 1973ರ ಡಿಸೆಂಬರಿನಲ್ಲಿ ಅಹಮದಾಬಾದಿನ ಎಲ್.ಡಿ. ಎಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲಿನಲ್ಲಿ ಊಟದ ದರವನ್ನು ಏರಿಸಿದರು. ವಿದ್ಯಾರ್ಥಿಗಳು ಬೀದಿಗಿಳಿದರು. ಅದೇ ನವನಿರ್ಮಾಣ ಚಳವಳಿಯಾಗಿ ಗುಜರಾತಿನಾದ್ಯಂತ ಹಬ್ಬಿ, 1974ರ ಫೆಬ್ರವರಿಯಲ್ಲಿ ಅಲ್ಲಿಯ ಮುಖ್ಯಮಂತ್ರಿಯೇ ರಾಜೀನಾಮೆ ಕೊಡಬೇಕಾಯಿತು. ಮೆಸ್ಸಿನ ಬಿಲ್ಲು ಸರ್ಕಾರವನ್ನೇ ಉರುಳಿಸಿದ ಪ್ರಸಂಗವಿದು.

ಆರೋಗ್ಯದ ದೃಷ್ಟಿಯಿಂದ ನೋಡಿದರೂ ಹದಿನೇಳರಿಂದ ಇಪ್ಪತ್ತೆರಡರ ವಯಸ್ಸು ಮೈ ಕಟ್ಟುವ ಕಾಲ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆಯಿದೆ. ಪ್ರಾಯದ ಹೆಣ್ಣುಮಕ್ಕಳಿಗೆ ದಿನಕ್ಕೆ 29 ಮಿಲಿಗ್ರಾಂ, ಗಂಡಸರಿಗೆ 19 ಮಿಲಿಗ್ರಾಂ ಕಬ್ಬಿಣಾಂಶ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದೆ. ಬೇಕಾದದ್ದು ಹೆಚ್ಚು, ಆದರೆ ತಟ್ಟೆ ತುಂಬ ಬಿಳಿ ಅನ್ನ, ತಿಳಿಸಾರು, ಊಟದ ಬೆನ್ನಿಗೇ ಕಾಫಿ ಎಂದಾದರೆ ಒಳಗೆ ಸೇರುವುದು ಕಡಿಮೆ. ಊಟದೊಡನೆ ಕುಡಿದ ಕಾಫಿ, ಚಹ ಕಬ್ಬಿಣಾಂಶವನ್ನು ಮೈಗೆ ಹತ್ತಗೊಡುವುದಿಲ್ಲ. ಶುದ್ಧ ಶಾಕಾಹಾರಿಗಳಾದ ನಮ್ಮ ಮಕ್ಕಳು ಇನ್ನೊಂದನ್ನೂ ಗಮನಿಸಬೇಕು. ಬಿ-12 ಎಂಬ ಜೀವಸತ್ವ ನಮಗೆ ದೊರೆಯುವುದು ಮುಖ್ಯವಾಗಿ ಹಾಲು, ಮೊಸರಿನಿಂದ. ಮನೆಯಲ್ಲಿ ಹಸುವಿನ ಹಾಲು ಕುಡಿದು ಬೆಳೆದ ಹುಡುಗಿ ನೀರು ಮಜ್ಜಿಗೆಯ ಹಾಸ್ಟೆಲಿನಲ್ಲಿ ನಾಲ್ಕು ವರ್ಷ ಕಳೆದರೆ ಆಯಾಸ, ಮರೆವು, ಕೈಕಾಲು ಜೋಮು ಕಾಣಿಸಿಕೊಂಡೀತು. ಓದಿನಲ್ಲಿ ಆಸಕ್ತಿಯಿಲ್ಲವೆಂದು ಹೆತ್ತವರು ಬೈದಾರು. ದೋಷ ಹುಡುಗಿಯದಲ್ಲ, ತಟ್ಟೆಯದು.

ರಾಗಿಯ ವಿಚಾರವನ್ನೂ ಇಲ್ಲಿಯೇ ಹೇಳಬೇಕು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿರುತ್ತದೆ. ಅಕ್ಕಿಯಲ್ಲಿ ಅದು ನಗಣ್ಯ. ಹಾಸ್ಟೆಲಿನಲ್ಲಿ ಮುದ್ದೆ ಹಾಕುತ್ತಾರೆಂದರೆ ಮೂಗು ಮುರಿಯುವ ತಂದೆತಾಯಿಗಳು ನಮ್ಮಲ್ಲಿಯೇ ಇದ್ದಾರೆ. ವಾರಕ್ಕೆ ನಾಲ್ಕು ದಿನ ಮುದ್ದೆ, ಕಾಳಿನ ಸಾರು, ಸೊಪ್ಪು, ಗಟ್ಟಿ ಮೊಸರು ಬಡಿಸುವ ಹಾಸ್ಟೆಲು ಪುಸ್ತಿಕೆಯಲ್ಲಿ ಚೆಂದ ಕಾಣದಿರಬಹುದು. ಮಗುವಿನ ಮೈಯಲ್ಲಿ ಚೆಂದ ಕಾಣುತ್ತದೆ.

ನಿಯಮ ನಮ್ಮದು, ಪಂಕ್ತಿಭೇದ ನಮ್ಮದಲ್ಲ

ಈಗ ಶೆಟ್ಟಿಕೆರೆಯ ಅಜ್ಜಿಯವರ ಪ್ರಶ್ನೆಗೆ ಬರೋಣ. ಇದನ್ನು ಹಳೆಯ ಕಾಲದವರ ಹಠವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಇಷ್ಟಲಿಂಗಕ್ಕೆ ಅರ್ಪಿಸಿ ಪ್ರಸಾದವಾಗಿ ಸ್ವೀಕರಿಸುವ ಆಹಾರ ಶುದ್ಧವಾಗಿರಬೇಕೆಂಬುದು ನಮ್ಮ ಆಚಾರ. ಮನೆ ಬಿಟ್ಟು ಹೋಗುವ ಮಗು ಆ ಆಚಾರವನ್ನು ಕಾಪಾಡಿಕೊಳ್ಳಲು ಅನುಕೂಲವಿದೆಯೇ ಎಂದು ಹಿರಿಯರು ಕೇಳುವುದು ಅವರ ಹಕ್ಕು, ಕರ್ತವ್ಯವೂ ಹೌದು. ಶಾಕಾಹಾರಕ್ಕೆ ಪ್ರತ್ಯೇಕ ಪಾತ್ರೆ, ಪ್ರತ್ಯೇಕ ಸೌಟು ಇರಬೇಕೆಂದು ಕಾಲೇಜಿನವರನ್ನು ಕೇಳಲು ಸಂಕೋಚ ಬೇಡ.

ಆದರೆ ಇಲ್ಲಿ ಒಂದು ಗೆರೆಯಿದೆ. ನಾನು ಇದನ್ನು ಉಣ್ಣುವುದಿಲ್ಲ ಎಂಬುದು ನಿಯಮ. ಅದನ್ನು ಉಣ್ಣುವವನ ಪಕ್ಕದಲ್ಲಿ ನಾನು ಕೂರುವುದಿಲ್ಲ ಎಂಬುದು ಪಂಕ್ತಿಭೇದ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಬಸವಣ್ಣನವರ ಮಹಾಮನೆಯಲ್ಲಿ ನಡೆದ ದಾಸೋಹದ ತಿರುಳೇ ಕುಲಗೋತ್ರ ಕೇಳದೆ ಒಂದೇ ಸಾಲಿನಲ್ಲಿ ಕೂರಿಸಿದ್ದು. ಸಿದ್ಧಗಂಗೆಯ ಸಾಲಿನಲ್ಲಿಯೂ ಎಲ್ಲ ಜಾತಿಗಳ, ಮುಸಲ್ಮಾನರ ಮಕ್ಕಳೂ ಜೊತೆಯಾಗಿ ಕೂತು ಉಂಡಿದ್ದಾರೆ. ನಿಯಮದ ಹೆಸರಿನಲ್ಲಿ ನಾವು ಪಂಕ್ತಿಭೇದವನ್ನು ಹಿಂಬಾಗಿಲಿನಿಂದ ಕರೆತಂದರೆ ಆ ಮಹಾಮನೆಯ ಬಾಗಿಲನ್ನು ನಾವೇ ಮುಚ್ಚಿದಂತಾಗುತ್ತದೆ.

ಇದು ಎಲ್ಲೋ ನಡೆಯುವ ವಾದವಲ್ಲ. 2023ರಲ್ಲಿ ಮುಂಬಯಿಯ ಐಐಟಿಯ ಹಾಸ್ಟೆಲಿನ ಊಟದ ಹಾಲಿನಲ್ಲಿ ಆರು ಮೇಜುಗಳನ್ನು ಶಾಕಾಹಾರಿಗಳಿಗೆಂದೇ ಮೀಸಲಿಟ್ಟರು. ಪ್ರತಿಭಟಿಸಿದ ವಿದ್ಯಾರ್ಥಿಗೆ 10,000 ರೂಪಾಯಿ ದಂಡ ವಿಧಿಸಿದರು. ದೇಶದಾದ್ಯಂತ ಚರ್ಚೆಯಾಯಿತು. ಪಾತ್ರೆ ಬೇರೆಯಾಗುವುದಕ್ಕೂ ಮೇಜು ಬೇರೆಯಾಗುವುದಕ್ಕೂ ಇರುವ ಅಂತರವನ್ನು ದೊಡ್ಡ ವಿದ್ಯಾಸಂಸ್ಥೆಗಳೂ ಎಡವಿ ಕಲಿಯಬೇಕಾಗಿದೆ. ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲಾದರೋ ಮೊಟ್ಟೆ ಬೇಕೆನ್ನುವ ಮಗುವಿಗೆ ಮೊಟ್ಟೆ, ಬೇಡವೆನ್ನುವ ಮಗುವಿಗೆ ಬಾಳೆಹಣ್ಣು. ಎರಡು ಮಕ್ಕಳೂ ಒಂದೇ ಸಾಲಿನಲ್ಲಿ ಕೂರುತ್ತವೆ. ಆಹಾರ ಬೇರೆಯಾಗಿದ್ದರೂ ಪಂಕ್ತಿ ಒಂದಾಗಿರಬಹುದೆಂಬುದಕ್ಕೆ ಇದೇ ಸಾಕ್ಷಿ.

ಹೆತ್ತವರು ಕೇಳಬೇಕಾದ ಪ್ರಶ್ನೆಗಳು

ಕಾಲೇಜಿನ ಆಯ್ಕೆಯಲ್ಲಿ ಮೊದಲನೆಯ ಸ್ಥಾನ ಪಾಠ ಮಾಡುವವರದು. ಎರಡನೆಯದು ಮನೆಯ ಶಕ್ತಿಗೆ ತಕ್ಕ ವೆಚ್ಚದ್ದು. ಊಟಕ್ಕೆ ಮೂರನೆಯ ಸ್ಥಾನ. ಆದರೆ ಈ ಮೂರನೆಯದಕ್ಕೆ ಒಂದು ವಿಶೇಷಾಧಿಕಾರವುಂಟು. ಊಟ ಚೆನ್ನಾಗಿದೆಯೆಂದು ಕಾಲೇಜನ್ನು ಒಪ್ಪಬೇಕಾಗಿಲ್ಲ. ಊಟ ತೀರ ಕೆಟ್ಟದಾಗಿದ್ದರೆ, ಉಳಿದೆಲ್ಲ ಚೆನ್ನಾಗಿದ್ದರೂ ಬೇರೆ ಏರ್ಪಾಡಿಲ್ಲದೆ ಆ ಕಾಲೇಜನ್ನು ಒಪ್ಪಬಾರದು. ಅದನ್ನು ತಿಳಿಯಲು ಪುಸ್ತಿಕೆ ಸಾಲದು, ಹೋಗಿ ನೋಡಬೇಕು.

ಮೊದಲನೆಯದಾಗಿ, ಒಲೆ ಯಾವ ಯಾವ ದಿನ ಹೊತ್ತುವುದಿಲ್ಲ ಎಂದು ಕೇಳಿರಿ. ಭಾನುವಾರ ರಾತ್ರಿ, ಹಬ್ಬದ ರಜೆ, ಪರೀಕ್ಷೆಯ ದಿನಗಳಲ್ಲಿ ಊಟವಿದೆಯೇ? ರಜೆಗೆ ಊರಿಗೆ ಬಾರದೆ ಓದುವ ಮಗುವಿಗೆ ಅಂಥ ದಿನಗಳಲ್ಲಿಯೇ ಒಲೆಯ ಅಗತ್ಯ ಹೆಚ್ಚು. ಪ್ರಯೋಗಾಲಯದಲ್ಲಿ ತಡವಾದವರಿಗೆ ಊಟ ತೆಗೆದಿಡುತ್ತಾರೆಯೇ ಎಂಬುದನ್ನೂ ಕೇಳಿರಿ.

ಎರಡನೆಯದಾಗಿ, ನೀರನ್ನು ನೋಡಿರಿ. ಕಾಮಾಲೆ, ವಿಷಮಶೀತ ಜ್ವರಗಳು ಹೆಚ್ಚಾಗಿ ನೀರಿನಿಂದಲೇ ಬರುವುವು. ಶೋಧಕ ಯಂತ್ರವಿದೆಯೇ ಎಂಬುದಕ್ಕಿಂತ ಅದನ್ನು ಯಾವಾಗ ಶುದ್ಧಗೊಳಿಸಿದರು, ಮೇಲಿನ ತೊಟ್ಟಿಗೆ ಮುಚ್ಚಳವಿದೆಯೇ ಎಂಬುದು ಮುಖ್ಯ. ತಟ್ಟೆ ತೊಳೆಯುವ ಜಾಗವನ್ನು ನೋಡಿದರೆ ಅಡುಗೆಮನೆಯ ಅರ್ಧ ಚರಿತ್ರೆ ತಿಳಿಯುತ್ತದೆ.

ಮೂರನೆಯದಾಗಿ, ಮೆಸ್ಸನ್ನು ನಡೆಸುವವರು ಯಾರು? ಗುತ್ತಿಗೆದಾರರೇ, ಸಂಸ್ಥೆಯವರೇ, ಅಥವಾ ತಿಂಗಳ ಖರ್ಚನ್ನು ಹಂಚಿಕೊಂಡು ವಿದ್ಯಾರ್ಥಿಗಳೇ ನಡೆಸುವರೇ? ಯಾವುದಾದರೂ ಆಗಲಿ, ದೂರು ಹೇಳಿದರೆ ಕೇಳುವವರು ಒಬ್ಬರಿರಬೇಕು. 2006ರ ಆಹಾರ ಸುರಕ್ಷತಾ ಕಾಯ್ದೆಯ ಪ್ರಕಾರ ಇಂಥ ಅಡುಗೆಮನೆಗಳಿಗೆ ಪರವಾನಗಿ ಅಥವಾ ನೋಂದಣಿ ಇರಬೇಕು. ಹದಿನಾಲ್ಕು ಅಂಕಿಗಳ ಆ ಸಂಖ್ಯೆಯನ್ನು ಗೋಡೆಯ ಮೇಲೆ ತೂಗುಹಾಕಿರಬೇಕು. ಕಾಣದಿದ್ದರೆ ಕೇಳಿರಿ.

ನಾಲ್ಕನೆಯದಾಗಿ, ಊಟದ ವೆಚ್ಚವನ್ನು ಶುಲ್ಕದೊಡನೆ ಕೂಡಿಸಿಯೇ ಲೆಕ್ಕ ಹಾಕಿರಿ. ಶುಲ್ಕ ಕಡಿಮೆಯೆಂದು ಸೇರಿಸಿ, ಊಟಕ್ಕೆ ಸಾಲದೆ ಮಗು ಒಂದು ಹೊತ್ತು ಬಿಟ್ಟು ಉಳಿಸುವಂತಾಗಬಾರದು. ಸರ್ಕಾರಿ ಹಾಸ್ಟೆಲಿನಲ್ಲಿ ಪ್ರವೇಶ ದೊರೆಯದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ವಿದ್ಯಾಸಿರಿ ಯೋಜನೆಯಲ್ಲಿ ಊಟ, ವಸತಿಗೆಂದು ಹತ್ತು ತಿಂಗಳು ಸಹಾಯಧನ ದೊರೆಯುವ ವ್ಯವಸ್ಥೆ ಬಂದಿದೆ. ವೀರಶೈವ ಲಿಂಗಾಯತರು 3-ಬಿ ಪ್ರವರ್ಗದಲ್ಲಿರುವುದರಿಂದ ಆದಾಯಮಿತಿಯೊಳಗಿನ ಕುಟುಂಬಗಳು ಅರ್ಜಿ ಹಾಕಬಹುದು. ಆ ಸಹಾಯಧನ ದೊಡ್ಡದಲ್ಲವೆನ್ನುವವರು, 2024ರ ಹಂಗಾಮಿಗೆ ಒಂದು ಕ್ವಿಂಟಾಲ್ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರ ನಿಗದಿ ಮಾಡಿದ ಬೆಂಬಲ ಬೆಲೆ 12,000 ರೂಪಾಯಿ ಎಂಬುದನ್ನು ನೆನೆಯಲಿ. ಕಾಯಿಯನ್ನು ಅಟ್ಟಕ್ಕೇರಿಸಿ ಹತ್ತು ಹನ್ನೊಂದು ತಿಂಗಳು ಕಾಯುವವರಿಗೆ ಆ ಹಣದ ಬೆಲೆ ಗೊತ್ತು.

ಕೊನೆಯದಾಗಿ, ಯಾವ ದಿನ ಬರುತ್ತೇವೆಂದು ಮೊದಲೇ ತಿಳಿಸದೆ ಹೋಗಿ, ಅನುಮತಿ ಪಡೆದು, ಮಕ್ಕಳೊಡನೆ ಕುಳಿತು ಒಂದು ಹೊತ್ತು ಉಂಡು ನೋಡಿರಿ. ಅಲ್ಲಿ ಮೂರನೆಯ ವರ್ಷ ಓದುತ್ತಿರುವವರನ್ನು ಮಾತನಾಡಿಸಿರಿ. ಮೊದಲ ವರ್ಷದವರಿಗೆ ಮನೆಯ ಅಡುಗೆಯ ನೆನಪು ಹೆಚ್ಚು. ಮೂರನೆಯ ವರ್ಷದವರ ಮಾತು ತೂಕವಾದದ್ದು.

ಮನೆಯಿಂದಲೇ ಓಡಾಡುವ ಮಕ್ಕಳು

ಹಾಸ್ಟೆಲಿನ ಮಾತಾಡುತ್ತ ಮನೆಯಲ್ಲಿರುವ ಮಕ್ಕಳನ್ನು ಮರೆಯಬಾರದು. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತವಾಗಿ, ಶೆಟ್ಟಿಕೆರೆಯಂಥ ಊರುಗಳಿಂದ ದಿನವೂ ತಿಪಟೂರಿಗೆ, ಚಿಕ್ಕನಾಯಕನಹಳ್ಳಿಗೆ ಓಡಾಡಿ ಓದಲು ದೊಡ್ಡ ಅನುಕೂಲವಾಗಿದೆ. ಹಾಸ್ಟೆಲಿನ ಚಿಂತೆಯಿಲ್ಲ, ಮನೆಯ ಊಟವೇ ಸಿಗುತ್ತದೆಂದು ನಾವು ಸಮಾಧಾನಪಡುತ್ತೇವೆ. ನಿಜಸ್ಥಿತಿ ಹಾಗಿಲ್ಲ. ಬೆಳಗಿನ ಬಸ್ಸು ಹಿಡಿಯುವ ಅವಸರದಲ್ಲಿ ತಿಂಡಿ ತಪ್ಪುತ್ತದೆ. ಮಧ್ಯಾಹ್ನ ಕಾಲೇಜಿನ ಮುಂದಿನ ಅಂಗಡಿಯ ಪಪ್ಸು, ಬಣ್ಣದ ಪಾನೀಯ. ಸಂಜೆ ಮನೆ ಸೇರಿದಾಗ ತಲೆನೋವು.

ಹತ್ತನೆಯ ತರಗತಿಯವರೆಗೆ ಅಕ್ಷರ ದಾಸೋಹದ ಬಿಸಿಯೂಟವುಂಟು. ನಮ್ಮ ರಾಜ್ಯದಲ್ಲಿ 2002ರಲ್ಲಿ ಪ್ರಾರಂಭವಾದ ಆ ಯೋಜನೆಗೆ ನಮ್ಮ ಪರಂಪರೆಯ ಪದವನ್ನೇ ಇಟ್ಟಿರುವುದು ಸಂತೋಷದ ಸಂಗತಿ. ಆದರೆ ಮಗು ಹದಿನಾರು ದಾಟಿ ಪಿಯುಸಿ ಸೇರಿದೊಡನೆ ಆ ತಟ್ಟೆ ಕೈಬಿಡುತ್ತದೆ. ಹಸಿವು ಮಾತ್ರ ಹತ್ತನೆಯ ತರಗತಿಗೇ ನಿಲ್ಲುವುದಿಲ್ಲ. ಆದುದರಿಂದ ಓಡಾಡುವ ಮಕ್ಕಳಿಗಾಗಿ ಕಾಲೇಜನ್ನು ಆರಿಸುವವರೂ ಒಂದು ಪ್ರಶ್ನೆ ಕೇಳಬೇಕು: ಬುತ್ತಿ ಬಿಚ್ಚಿ ಉಣ್ಣಲು ಅಲ್ಲಿ ಹೆಣ್ಣುಮಕ್ಕಳಿಗೆ ನೆರಳು, ನೀರು, ಕೂರಲು ಜಾಗವಿದೆಯೇ? ಈ ಮೂರಿಲ್ಲದೆ ಕಟ್ಟಿಕೊಟ್ಟ ಬುತ್ತಿ ಹಾಗೆಯೇ ಮನೆಗೆ ಹಿಂದಿರುಗುತ್ತದೆ. ಊರೂರುಗಳಲ್ಲಿರುವ ನಮ್ಮ ಸಮಾಜದ ಸಂಘಗಳು, ಮಠಗಳು ಕಾಲೇಜುಗಳ ಸಮೀಪದಲ್ಲಿ ಎಲ್ಲ ಮಕ್ಕಳಿಗೂ ತೆರೆದ ಒಂದು ಮಧ್ಯಾಹ್ನದ ಪ್ರಸಾದದ ಏರ್ಪಾಡು ಮಾಡಿದರೆ ತೋಟದಪ್ಪನವರ ಕೆಲಸವನ್ನು ಮುಂದುವರಿಸಿದಂತಾದೀತು. ಕಲ್ಯಾಣ ಮಂಟಪಗಳನ್ನು ಕಟ್ಟುವುದರಲ್ಲಿ ನಾವು ಹಿಂದೆ ಬಿದ್ದಿಲ್ಲ. ಮದುವೆಗಳಿಲ್ಲದ ದಿನಗಳಲ್ಲಿ ಅವುಗಳ ಅಡುಗೆಮನೆಗಳು ತಣ್ಣಗಿರುವುದನ್ನು ನೋಡುವಾಗ ಮನಸ್ಸಿಗೆ ಹೀಗೆ ಅನಿಸುತ್ತದೆ.

ಮತ್ತೆ ಶೆಟ್ಟಿಕೆರೆಗೆ

ವಾರ ಕಳೆದ ಮೇಲೆ ನಾವು ಆ ಗೃಹಸ್ಥರಿಗೆ ದೂರವಾಣಿ ಮಾಡಿ ಹೇಳಿದ್ದು ಇಷ್ಟೇ: ಪುಸ್ತಿಕೆಯನ್ನು ಮುಚ್ಚಿಡಿ; ಹಳೆಯ ಕಾಲೇಜಿನ ಹಾಸ್ಟೆಲಿಗೆ ತಾಯಿಯವರನ್ನೂ ಕರೆದುಕೊಂಡು ಹೋಗಿ; ಅಲ್ಲಿ ಉಂಡು ಬಂದ ಮೇಲೆ ತಾಯಿಯವರೇ ತೀರ್ಮಾನಿಸಲಿ. ಮಗ ಹಿಂಜರಿದರು. “ಅವ್ವ ಅಲ್ಲಿ ಒಂದು ತೊಟ್ಟು ನೀರೂ ಮುಟ್ಟಲ್ಲ, ಅಯ್ನೋರೆ” ಎಂದರು. ಆದರೂ ಕರೆದುಕೊಂಡು ಹೋದರು.

ಅಜ್ಜಿಯವರು ಅಲ್ಲಿಯ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ವಿಚಾರಿಸಿದರಂತೆ. ಶಾಕಾಹಾರದ ಪಾತ್ರೆಗಳಿಗೆ ಬೇರೆ ಕಟ್ಟೆಯಿತ್ತು, ಸೌಟುಗಳಿಗೆ ಹಸಿರು ಬಣ್ಣ ಬಳಿದಿದ್ದರು. ಅಡುಗೆಯ ಮುಖ್ಯಸ್ಥೆ ಹುಳಿಯಾರು ಕಡೆಯ ಹೆಂಗಸು. ಮುದ್ದೆ ತೊಳಸುವ ರೀತಿಯನ್ನು ನೋಡಿದ ಮೇಲೆ ಅಜ್ಜಿಯವರ ಮುಖ ಸಡಿಲವಾಯಿತಂತೆ. ಅವರು ಅಲ್ಲಿ ಉಣ್ಣಲಿಲ್ಲ. ತಮ್ಮ ನಿಯಮವನ್ನು ಬಿಡಲಿಲ್ಲ. ಮೊಮ್ಮಗಳು ಉಂಡುದನ್ನು ಪಕ್ಕದಲ್ಲಿ ಕುಳಿತು ನೋಡಿದರು. ಆಕೆಯ ಇನ್ನೊಂದು ಪಕ್ಕದಲ್ಲಿ ಕುಳಿತಿದ್ದ ಹುಡುಗಿ ಯಾರ ಮನೆಯವಳೆಂದು ಕೇಳಲಿಲ್ಲ. ಯಾವ ಊರೆಂದು ಮಾತ್ರ ಕೇಳಿದರು. ಹೊರಗೆ ಬಂದು ಮಗನಿಗೆ, “ನೀರಿನ್ ತೊಟ್ಟಿಗೆ ಮುಚ್ಚಳ ಸರಿಯಾಗಿ ಹಾಕ್ಸು ಅಂತ ಹೇಳ್ಬುಟ್ಟು ಬಾ, ಕಟ್ಟು ದುಡ್ಡ” ಎಂದರಂತೆ.

ಹುಡುಗಿ ಈಗ ಎರಡನೆಯ ವರ್ಷದಲ್ಲಿದ್ದಾಳೆ. ಹಾಸ್ಟೆಲಿನ ಸಾರು ಸಪ್ಪೆಯೆಂದೇ ಹೇಳುತ್ತಾಳೆ. ಊರಿಗೆ ಬಂದಾಗಲೆಲ್ಲ ಅಜ್ಜಿ ಹುಚ್ಚೆಳ್ಳು ಪುಡಿಯ ಡಬ್ಬಿಯನ್ನೂ ಕೊಬ್ಬರಿ ಚಟ್ನಿಪುಡಿಯ ಡಬ್ಬಿಯನ್ನೂ ತುಂಬಿ ಕಳುಹಿಸುತ್ತಾರೆ. ಮೊದಲು ಒಂದೊಂದು ಡಬ್ಬಿ ಹೋಗುತ್ತಿತ್ತು. ಕೋಣೆಯ ಗೆಳತಿಯರೂ ಕೇಳುತ್ತಾರೆಂದು ಈಗ ಎರಡೆರಡು ಹೋಗುತ್ತವೆ.

ಸದ್ಭಕ್ತರಲ್ಲಿ ನಮ್ಮ ವಿನಂತಿ ಇಷ್ಟೇ. ಊಟವನ್ನು ನೋಡಿ ಕಾಲೇಜನ್ನು ಆರಿಸಬೇಡಿ. ಊಟವನ್ನು ನೋಡದೆಯೂ ಆರಿಸಬೇಡಿ. ಮಕ್ಕಳನ್ನು ಸೇರಿಸುವ ಮೊದಲು ಆ ಸಂಸ್ಥೆಯ ಗ್ರಂಥಾಲಯಕ್ಕೊಮ್ಮೆ, ಅಡುಗೆಮನೆಗೊಮ್ಮೆ ಹೋಗಿ ಬನ್ನಿ. ಎರಡೂ ಶುಚಿಯಾಗಿದ್ದು, ಎರಡರಲ್ಲಿಯೂ ಎಲ್ಲರಿಗೂ ಜಾಗವಿದ್ದರೆ ನಿಶ್ಚಿಂತೆಯಿಂದ ಸೇರಿಸಿರಿ.